ಆಯಿಯ ಎಡಗಾಲು

ನಮ್ಮ ಮನೆಯಲ್ಲಿ ಜಗಳಕ್ಕೊಂದು ಹೊತ್ತು ಗೊತ್ತಾಗಿತ್ತು, ಹುಮನಾಬಾದಿನ ಬಸ್ಸು ಬರುವ ಹೊತ್ತು. ಅವ್ವ ಅಲ್ಲಿಯ ಆಸ್ಪತ್ರೆಯಲ್ಲಿ ನರ್ಸ್. ಬೆಳಿಗ್ಗೆ ರೊಟ್ಟಿ ಬಡಿದಿಟ್ಟು, ನನ್ನ ಜಡೆ ಹೆಣೆದು, ಬಸವಕಲ್ಯಾಣದ ಬಸ್‌ಸ್ಟ್ಯಾಂಡಿಗೆ ಓಡುತ್ತಿದ್ದವಳು ಸಂಜೆ ದೀಪ ಹಚ್ಚುವಾಗ ಹಿಂದಿರುಗುತ್ತಿದ್ದಳು. ಅಷ್ಟರಲ್ಲಿ ಆಯಿ ಪಡಸಾಲೆಯ ಕಂಬಕ್ಕೆ ಒರಗಿ ಕೂತು ಬಾಗಿಲನ್ನೇ ಕಾಯುತ್ತಿರುವಳು. ಆಯಿ ಎಂದರೆ ಅಪ್ಪನ ತಾಯಿ, ನಮ್ಮ ಕಡೆ ಅಜ್ಜಿಯನ್ನು ಹಾಗೇ ಕರೆಯುವುದು. ಸೊಸೆಯ ಒಂದು ಕಾಲು ಹೊಸ್ತಿಲೊಳಗೆ ಬೀಳುವುದೇ ತಡ, ಆಯಿಯ ಬಾಯಿ ತೆರೆಯುತ್ತಿತ್ತು.

"ಹಿತ್ತಲ ಕಡಿಂದ ಬಾರವ್ವಾ. ಎಷ್ಟ ಮಂದಿ ಕೀವು ಮುಟ್ಟಿ ಬಂದೀಯೋ ಏನೋ. ಮೊದಲ ಮೈ ತೊಳಕೋ, ಆಮ್ಯಾಲ ಒಲಿ ಮುಟ್ಟು."

"ದವಾಖಾನ್ಯಾಗ ಸಾಬೂನು ಹಚ್ಚೇ ಕೈ ತೊಳಕೊಂಡೀನ್ರಿ, ಅತ್ತಿ."

"ಸಾಬೂನಿಲೇ ಕೀವು ಹೋಗ್ತದ. ಅದರ ವಾಸನಿ ಹೋಗ್ತದೇನು?"

ಅವ್ವ ಸುಮ್ಮನೆ ಓಣಿ ಸುತ್ತಿ ಹಿತ್ತಲ ಬಾಗಿಲಿಗೆ ಹೋಗುತ್ತಿದ್ದಳು. ಸುಮ್ಮನೆ ಎಂದೆನಲ್ಲ, ಅದು ಬಾಯಿಯ ಮಟ್ಟಿಗೆ ಮಾತ್ರ. ಬಚ್ಚಲಲ್ಲಿ ತಂಬಿಗೆ ಬೀಳುವ ಸಪ್ಪಳದಿಂದ ಅವಳ ಸಿಟ್ಟು ಇಡೀ ಮನೆಗೆ ತಿಳಿಯುತ್ತಿತ್ತು. ಅಪ್ಪನದು ರಸ್ತೆಗೆ ಮುಖಮಾಡಿದ ಕೋಣೆಯಲ್ಲಿ ಕಿರಾಣಿ ಅಂಗಡಿ. ಜಗಳ ಶುರುವಾದರೆ ಆತ ಗಿರಾಕಿ ಇಲ್ಲದಿದ್ದರೂ ತಕ್ಕಡಿ ಎತ್ತಿ ಹಿಡಿದು ಅದರ ಮುಳ್ಳನ್ನೇ ನೋಡುತ್ತ ಕೂರುತ್ತಿದ್ದ. "ನಿಮ್ಮ ಮಾತೂ ಖರೇ, ಅಕಿ ಮಾತೂ ಖರೇ" ಎಂದು ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಆತನನ್ನು ಮೀರಿಸುವವರು ಇಡೀ ಬೀದರ ಜಿಲ್ಲೆಯಲ್ಲಿ ಇರಲಿಲ್ಲ. ಅಂಗಡಿಯ ಬೆಲ್ಲ, ಸೀಮೆಎಣ್ಣೆ, ಒಣಮೆಣಸಿನಕಾಯಿ ಎಲ್ಲದರ ವಾಸನೆ ಪಡಸಾಲೆಗೆ ಬಂದು ಬೆರೆಯುತ್ತಿತ್ತು. ಅವ್ವನ ಸೀರೆಯ ಸೆರಗಿನಲ್ಲಿ ಸ್ಪಿರಿಟ್ಟಿನ ವಾಸನೆ ಇರುತ್ತಿತ್ತು. ನನಗದು ಬಲು ಇಷ್ಟ. ಸ್ನಾನಕ್ಕೆ ಹೋಗುವ ಮೊದಲು ಬಿಚ್ಚಿಟ್ಟ ಆ ಸೀರೆಯಲ್ಲಿ ಮುಖ ಹುದುಗಿಸಿ ನಿಂತು ಆಯಿಯಿಂದ ಎಷ್ಟು ಸಲ ಬೈಸಿಕೊಂಡೆನೋ ಲೆಕ್ಕವಿಲ್ಲ.

ಇಷ್ಟೆಲ್ಲ ಇದ್ದರೂ ಆ ಇಬ್ಬರ ನಡುವೆ ದಿನಕ್ಕೊಂದು ಗಳಿಗೆ ತಂಪಾಗಿರುತ್ತಿತ್ತು. ಬೆಳಿಗ್ಗೆ ಎಲ್ಲರ ಸ್ನಾನವಾದ ಮೇಲೆ ಆಯಿ ಕೊರಳ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮುಗಿಸಿ, ಹಣೆಗೆ ಮೂರು ಬೆರಳಿನ ವಿಭೂತಿ ಎಳೆದುಕೊಂಡು, ಕಾಲು ಚಾಚಿ ಕೂರುವಳು. ಮೊದಲು ಅಪ್ಪ, ಆಮೇಲೆ ಅವ್ವ, ಕೊನೆಗೆ ನಾನು. ಎರಡೂ ಪಾದಗಳನ್ನು ಮುಟ್ಟಿ ಹಣೆಗೆ ಒತ್ತಿಕೊಳ್ಳುವುದು. ಆಯಿ ತಲೆಯ ಮೇಲೆ ಕೈಯಿಟ್ಟು "ಶರಣು ಶರಣು, ಏಳವ್ವಾ" ಎನ್ನುವವರೆಗೆ ಏಳುವಂತಿಲ್ಲ. ಪಾದ ಹಿಡಿದವರು ಎದ್ದೇಳುವ ಮೊದಲು ಹಿರಿಯರು ಕಾಲು ಎಳೆದುಕೊಳ್ಳುವಂತೆಯೂ ಇಲ್ಲ, ಎಳೆದುಕೊಂಡರೆ ಆಶೀರ್ವಾದ ಇಲ್ಲ ಎಂದಂತೆ. ಹಿಂದಿನ ಸಂಜೆ ಬಾಯಿಗೆ ಬಾಯಿ ಹತ್ತಿದ್ದರೂ ಅವ್ವನ ತಲೆಯ ಮೇಲೆ ಆಯಿಯ ಕೈ ಬೀಳುತ್ತಿತ್ತು. ಅದಾದ ಮೇಲೆಯೇ ಅವ್ವ ಬಸ್ಸಿಗೆ ಓಡುತ್ತಿದ್ದದ್ದು.

ಆ ವರ್ಷ ದಸರೆ ಮುಗಿದ ಮೇಲೆ ಆಯಿ ಒಮ್ಮಿಂದೊಮ್ಮೆಲೇ ಬದಲಾದಳು. ಕಾಲನ್ನು ಸೀರೆಯೊಳಗೆ ಮಡಚಿಕೊಂಡು ಕೂರತೊಡಗಿದಳು. ಅವ್ವ ಬಗ್ಗಿದರೆ ಅಂಗೈ ಅಡ್ಡ ತರುವಳು.

"ದೂರಿಂದ ಶರಣು ಮಾಡು ಸಾಕು. ಮುಟ್ಟೂದ್ಯಾಕ?"

ಅಪ್ಪನಿಗೂ ಹಾಗೇ ಹೇಳಿದಳು, ನನಗೂ ಹೇಳಿದಳು. ಆದರೆ ಅವ್ವನಿಗೆ ಅದು ತನಗೊಬ್ಬಳಿಗೇ ಹೇಳಿದ್ದೆಂದು ಅನ್ನಿಸಿತು. ಅನ್ನಿಸದೆ ಇರುತ್ತದೆಯೇ? ದಿನಾ ಸಂಜೆ ಕೀವಿನ ಕೈ, ಕೀವಿನ ಕೈ ಎಂದು ಕೇಳಿಸಿಕೊಂಡವಳು. ಅಡುಗೆಮನೆಯಲ್ಲಿ ಅಪ್ಪನ ಮುಂದೆ ಅವಳ ಕಣ್ಣು ತುಂಬಿದ್ದನ್ನು ನಾನು ಅಲ್ಲೇ ರೊಟ್ಟಿ ತಿನ್ನುತ್ತ ನೋಡಿದೆ.

"ಇಷ್ಟ ಹೊಲಸಾತೇನ್ರಿ ನನ್ನ ಕೈ? ಕಾಲು ಮುಟ್ಟಾಕೂ ಆಗದಷ್ಟು?"

ಅಪ್ಪ "ವಯಸ್ಸಾದವರು, ಏನೋ ಅಂತಾರ" ಎಂದು ಅಂಗಡಿಗೆ ಜಾರಿಕೊಂಡ. ಮರುದಿನದಿಂದ ಅವ್ವ ಬಾಗಿಲಲ್ಲೇ ಕೈಮುಗಿದು ಹೊರಡತೊಡಗಿದಳು. ಹುಮನಾಬಾದಿನಲ್ಲಿ ದಿನವಿಡೀ ಪರರ ಕಾಲಿನ ಹುಣ್ಣು ನೋಡುವವಳು ಮನೆಯೊಳಗೆ ಮಡಚಿಟ್ಟ ಕಾಲನ್ನು ಅವಮಾನ ಎಂದು ಓದಿಕೊಂಡಳು. ನರ್ಸ್ ಆದರೂ ಸೊಸೆ ಸೊಸೆಯೇ ನೋಡಿ.

ಒಂದು ಶನಿವಾರ ಮಧ್ಯಾಹ್ನ, ಬೆಳಗಿನ ಶಾಲೆ ಮುಗಿಸಿ ಬಂದು ನಾನು ಆಯಿಯ ಹತ್ತಿರ ಶೇಂಗಾ ಸುಲಿಯುತ್ತ ಕೂತಿದ್ದೆ. ಆಯಿ ಕಂಬಕ್ಕೆ ಒರಗಿ ತೂಕಡಿಸುತ್ತಿದ್ದಳು. ಕಾಲು ತಾನಾಗಿ ಚಾಚಿಕೊಂಡಿತ್ತು. ಅಂಗಡಿಯ ಬೆಲ್ಲದ ಮೂಟೆಯ ಕಡೆಗೆ ಹೋಗಬೇಕಾದ ಇರುವೆಗಳ ಸಾಲು ಅಡ್ಡದಾರಿ ಹಿಡಿದು ಆಯಿಯ ಸೀರೆಯ ಅಂಚಿನೊಳಗೆ ಹೋಗುತ್ತಿತ್ತು. ಆಯಿಯನ್ನು ಕಚ್ಚಿಯಾವು ಎಂದು ಅವನ್ನು ಕೈಯಿಂದ ಸರಿಸಲು ಹೋದೆ. ಎಡ ಅಂಗಾಲು ಕೈಗೆ ತಗುಲಿತು. ಸುಡುತ್ತಿತ್ತು. ಬಲಗಾಲು ಮುಟ್ಟಿ ನೋಡಿದೆ, ನೆಲದಷ್ಟೇ ತಣ್ಣಗಿತ್ತು. ಎಡಗಾಲಿನ ಹೆಬ್ಬೆರಳಿನ ಬುಡದಲ್ಲಿ ವಿಭೂತಿ ಗಟ್ಟಿಯಾಗಿ ಮೆತ್ತಿ ಬಿಲ್ಲೆ ಕಟ್ಟಿತ್ತು. ಅದರ ಅಂಚನ್ನು ಬೆರಳಿನಿಂದ ಒತ್ತಿದರೆ ಹಳದಿ ನೀರು ಹನಿಯಿತು, ಕೆಟ್ಟ ವಾಸನೆ ಬಂತು. ಅದಕ್ಕಿಂತ ನನ್ನನ್ನು ಹೆದರಿಸಿದ್ದು ಬೇರೆ. ಆಯಿಗೆ ಕಚಗುಳಿ ಜಾಸ್ತಿ. ಅಂಗಾಲಿಗೆ ಗಾಳಿ ಸೋಕಿದರೂ ಚಂಗನೆ ಕಾಲೆಳೆದು "ಏ ಜಗದೇವೀ!" ಎಂದು ನನ್ನನ್ನು ಕೂಗುವವಳು ಈಗ ಒತ್ತಿದರೂ ಎಚ್ಚರವಾಗಲಿಲ್ಲ.

ನಾನು ಅಳತೊಡಗಿದ ಮೇಲೆಯೇ ಎಚ್ಚರಗೊಂಡಳು.

"ನೋಯ್ತದೇನು ಆಯಿ?"

"ಎಲ್ಲಿ ನೋವು? ಒಂದೀಟೂ ಇಲ್ಲ. ವಿಭೂತಿ ಹಚ್ಚೀನಿ, ಒಣಗ್ಯಾದ. ನೋವಿಲ್ಲಂದ್ರ ಅದು ಹುಣ್ಣಲ್ಲ."

"ಅವ್ವಗ ತೋರಸು ಮತ್ತ."

ಆಯಿ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದು ತನ್ನ ತಲೆಯ ಮೇಲೆ ಇಟ್ಟುಕೊಂಡಳು.

"ನನ್ನ ತಲಿ ಮುಟ್ಟಿ ಆಣಿ ಮಾಡು. ನನ್ನ ಕಾಲಿನ ಸುದ್ದಿ ನಿಮ್ಮವ್ವನ ಮುಂದ ತೆಗೀಬ್ಯಾಡ. ದವಾಖಾನಿಗೆ ಒಯ್ದ್ರ ಕಡೀತಾರವ್ವಾ. ಹುಲಸೂರಾಗ ನಮ್ಮಕ್ಕ ಹೀಂಗೇ ಸಣ್ಣ ಹುಣ್ಣು ಅಂತ ಹೋದಾಕಿ ಒಂದೇ ಕಾಲೀಲೇ ಬಂದಳು."

ನಾನು ಆಣೆ ಮಾಡಿದೆ. ತಲೆ ಮುಟ್ಟಿ ಮಾಡಿದ ಆಣೆ ಮುರಿದರೆ ಆ ತಲೆಯೇ ಉಳಿಯುವುದಿಲ್ಲ ಎಂದು ಓಣಿಯ ಮಕ್ಕಳೆಲ್ಲ ನಂಬಿದ್ದೆವು. ಹೇಳಿದರೆ ಆಯಿ ಸಾಯುತ್ತಾಳೆ, ಹೇಳದಿದ್ದರೂ ಸಾಯುತ್ತಾಳೆ ಎಂದು ನನಗೆ ಹೇಗೋ ಖಾತ್ರಿಯಾಗಿತ್ತು. ಬಾಯಲ್ಲಿ ಬಿಸಿತುಪ್ಪ ಎನ್ನುತ್ತಾರಲ್ಲ, ಅದನ್ನು ನಾನು ಚಿಕ್ಕ ವಯಸ್ಸಿನಲ್ಲೇ ನುಂಗಲೂ ಆಗದೆ ಉಗುಳಲೂ ಆಗದೆ ಒದ್ದಾಡಿ ತಿಳಿದುಕೊಂಡೆ. ನನಗೆ ಪ್ರೀತಿಯ ಪುಂಡಿಪಲ್ಯ ಮಾಡಿದ ದಿನವೂ ತಟ್ಟೆಯಲ್ಲೇ ಬಿಟ್ಟೆದ್ದೆ. ಅವ್ವ ಹಣೆ ಮುಟ್ಟಿ ಜ್ವರವಿಲ್ಲ ಎಂದು ನೋಡಿದಳು, ನಾಲಗೆ ಚಾಚಿಸಿ ನೋಡಿದಳು. ಕೊನೆಗೆ ಒಂದು ಸಂಜೆ ಅವಳು ಹಿತ್ತಲಲ್ಲಿ ಕೈಕಾಲು ತೊಳೆಯುವಾಗ ನುಗ್ಗೆಮರದ ಕೆಳಗೆ ನಿಂತು ಕೇಳಿಯೇ ಬಿಟ್ಟೆ.

"ಅವ್ವಾ, ಒಂದು ಕಾಲು ಸುಡಾಕತ್ತಿ, ಇನ್ನೊಂದು ತಣ್ಣಗಿದ್ರ ಅದೇನು ಬ್ಯಾನಿ?"

ಅವ್ವನ ತಂಬಿಗೆ ನಿಂತಿತು.

"ಯಾರ ಕಾಲು?"

"ಹೇಳಾಂಗಿಲ್ಲ. ಆಣಿ ಅದ."

ಅವ್ವ ಮತ್ತೆ ಆ ಪ್ರಶ್ನೆ ಕೇಳಲಿಲ್ಲ. ಕಲ್ಲಿನ ಮೇಲೆ ಕೂತು ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು ಒಂದೊಂದಾಗಿ ಬೇರೆ ಪ್ರಶ್ನೆ ಕೇಳಿದಳು.

"ಎಡಗಾಲೋ, ಬಲಗಾಲೋ?"

"ಎಡಗಾಲು."

"ಹುಣ್ಣು ಎಲ್ಲಿ ಅದ? ಮ್ಯಾಲೋ, ಅಂಗಾಲಿಗೋ?"

"ಹೆಬ್ಬಳ್ಳಿನ ಬುಡಕ್ಕ. ಅಂಗಾಲಿಗೆ."

"ವಾಸನಿ?"

"ಬರ್ತದ."

"ಒತ್ತಿದ್ರ ನೋಯ್ತದಂತೇನು?"

"ಒಂದೀಟೂ ನೋಯೂದಿಲ್ಲಂತ. ಅದಕ್ಕ ಅದು ಹುಣ್ಣಲ್ಲಂತ."

ಇಲ್ಲಿಯವರೆಗೆ ಶಾಂತವಾಗಿದ್ದ ಅವ್ವನ ಮುಖ ಈ ಮಾತಿಗೆ ಇಳಿದುಹೋಯಿತು. ನೋವಿಲ್ಲದ ಹುಣ್ಣೇ ಎಲ್ಲಕ್ಕಿಂತ ಕೆಟ್ಟದ್ದು ಎಂದು ಆಮೇಲೆ ಅವಳೇ ನನಗೆ ಕಲಿಸಿದಳು. ಸಕ್ಕರೆ ಕಾಯಿಲೆ ಬಂದರೆ ಕಾಲಿನ ನರ ಸಾಯುತ್ತದೆ, ಮುಳ್ಳು ಮುರಿದರೂ ತಿಳಿಯುವುದಿಲ್ಲ, ತಿಳಿಯದವರು ಅದರ ಮೇಲೆಯೇ ನಡೆಯುತ್ತಿರುತ್ತಾರೆ. ಈಗ ಹುಮನಾಬಾದಿನಲ್ಲಿ ನಾನೂ ಅವಳಂತೆ ನರ್ಸ್ ಆಗಿ, ಗಾಯಕ್ಕೆ ಪಟ್ಟಿ ಕಟ್ಟುವ ಕೋಣೆಯಲ್ಲಿ ತಲೆ ನೆರೆಸಿಕೊಂಡಿದ್ದೇನೆ. ಮೊನ್ನೆ ಬೇಮಳಖೇಡದ ಎಮ್ಮೆ ಸಾಕುವ ಹಿರಿಯರೊಬ್ಬರು ಸುಣ್ಣ ತಂಬಾಕು ಮೆತ್ತಿದ ಹಿಮ್ಮಡಿ ಹೊತ್ತು ಬಂದು, "ಸಿಸ್ಟರ್, ನೋವೇ ಇಲ್ರಿ, ಮಗ ಸುಮ್ನ ಕರಕೊಂಡು ಬಂದಾನ" ಎಂದು ನಕ್ಕರು. ನಾನು ನಗಲಿಲ್ಲ. ಮೊದಲು ಎರಡೂ ಪಾದಗಳ ಮೇಲೆ ಕೈಯ ಹಿಂಭಾಗ ಇಟ್ಟು ಬಿಸಿ ನೋಡಿದೆ. ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ ಎಂದು ಹೇಳಿದರೆ ಹೊಸದಾಗಿ ಕೆಲಸಕ್ಕೆ ಬಂದ ಹುಡುಗಿಯರು ನಂಬುವುದಿಲ್ಲ.

ಆ ಸಂಜೆ ಅವ್ವ ನನ್ನ ಕೆನ್ನೆ ಒರೆಸಿ ಹೇಳಿದ್ದು ಇಷ್ಟೇ.

"ನೀ ಯಾರ ಹೆಸರೂ ಹೇಳಿಲ್ಲ. ಆಣಿ ಮುರದಿಲ್ಲ. ಹೋಗಿ ಉಣ್ಣು, ಹೋಗು."

ಮರುದಿನ ಬೆಳಿಗ್ಗೆ ಅವ್ವ ಬಸ್ಸಿನ ಹೊತ್ತಾದರೂ ಹೊರಡಲಿಲ್ಲ. ತಲೆಗೆ ನೀರು ಹಾಕಿಕೊಂಡು, ಒಗೆದ ಸೀರೆಯುಟ್ಟು, ಒದ್ದೆ ಕೂದಲಿನಲ್ಲೇ ಪಡಸಾಲೆಗೆ ಬಂದಳು. ಆಯಿ ಆಗಷ್ಟೇ ಪೂಜೆ ಮುಗಿಸಿದ್ದಳು. "ದೂರಿಂದ..." ಎಂದು ಬಾಯಿ ತೆರೆಯುವಷ್ಟರಲ್ಲಿ ಅವ್ವ ಮಂಡಿಯೂರಿ, ಸೀರೆಯೊಳಗೆ ಕೈ ಹಾಕಿ, ಎರಡೂ ಪಾದಗಳನ್ನು ಹಿಡಿದು ಹಣೆಯನ್ನು ಅವುಗಳ ಮೇಲೆ ಇಟ್ಟುಬಿಟ್ಟಳು. ಆಯಿ ಕಾಲೆಳೆಯಲು ಹೋಗಿ ತಡೆದುಕೊಂಡಳು. ಶರಣು ಮಾಡುವವರ ಕೈಯಿಂದ ಕಾಲು ಕಿತ್ತುಕೊಳ್ಳುವುದು ಅವಳಿಂದ ಆಗದ ಕೆಲಸ, ಎಂಥ ವೈರಿಯಾದರೂ ಸರಿ. ಅವ್ವನಿಗೆ ಅದು ಚೆನ್ನಾಗಿ ಗೊತ್ತಿತ್ತು.

"ಶರಣು ಶರಣು. ಏಳವ್ವಾ."

ಅವ್ವ ಏಳಲಿಲ್ಲ. ಪಕ್ಕದಲ್ಲಿ ನಿಂತಿದ್ದ ನನಗೆ ಅವಳ ಬೆರಳುಗಳು ಕಾಣುತ್ತಿದ್ದವು. ಅವು ಪಾದದ ಮೇಲೆ ಮೆಲ್ಲಗೆ ಸರಿದು, ಹೆಬ್ಬೆರಳಿನಿಂದ ಹಿಂದಕ್ಕೆ ಬಂದು, ಒಂದು ಕಡೆ ನಿಂತವು. ಅವಳು ಉಸಿರು ಹಿಡಿದು ಏನನ್ನೋ ಹುಡುಕುತ್ತಿದ್ದಳು. ಅಲ್ಲಿ ಒಂದು ನಾಡಿ ಬಡಿಯುತ್ತದೆ. ಅದು ಬಡಿಯುತ್ತಿದ್ದರೆ ಪಾದಕ್ಕೆ ರಕ್ತ ಬರುತ್ತಿದೆ, ಗಾಯ ಮಾಯುವ ದಾರಿ ಇದೆ ಎಂದರ್ಥ.

"ಏಳು ಅಂದ್ನೆಲ್ಲಾ ಕಸ್ತೂರಿ. ಹೊತ್ತಾತು, ನಿನ್ನ ಬಸ್ಸು..."

"ಬಸ್ಸು ಹೋಗ್ಲಿ ಬಿಡ್ರಿ. ಈ ಹುಣ್ಣು ನೋಡಾಕ ಹೂಂ ಅನ್ನೂತನಕ ನಾ ಏಳಾಂಗಿಲ್ಲ."

ಅಂಗಡಿಯಿಂದ ಅಪ್ಪ ಓಡಿಬಂದ. ಆಯಿ ನನ್ನತ್ತ ಒಮ್ಮೆ ಸುಡುವ ಹಾಗೆ ನೋಡಿದಳು. ನಾನು ಕಂಬದ ಹಿಂದೆ ಹೋದೆ.

"ಕಡೀತಾರ ಕಸ್ತೂರಿ. ನನಗ ಗೊತ್ತದ. ಕಾಲಿಲ್ಲದ ನಾ ಯಾರ ಮ್ಯಾಲ ಭಾರ ಆಗ್ಲಿ?"

"ನಾಡಿ ಬಡಿಯಾಕತ್ತದ ಅತ್ತಿ. ಛಲೋ ಬಡಿಯಾಕತ್ತದ. ನನ್ನ ಮಾತು ಕೇಳಿದ್ರ ಕಾಲು ಉಳೀತದ. ಇಷ್ಟ ದಿನ ಯಾಕ ಹೇಳ್ಲಿಲ್ರಿ? ಮನ್ಯಾಗೇ ಇದ್ದೆನಲ್ಲಾ ನಾನು?"

ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳು ಅಳುವುದನ್ನು ನಾನು ಅದೇ ಮೊದಲು ನೋಡಿದ್ದು.

"ಯಾವ ಬಾಯಿಲೇ ಹೇಳಲವ್ವಾ? ದಿನಾ ಸಂಜಿಕ ಹಿತ್ತಲ ಕಡಿಂದ ಬಾ ಅಂದ ಬಾಯಿಲೇ? ಆ ಕೈ ಹೊಲಸು ಅಂದು, ಅದೇ ಕೈಗೆ ನನ್ನ ಕಾಲು ಕೊಡಾಕ ನಾಚಿಕಿ ಬಂತು ನನಗ."

"ನಾ ತಿಳಕೊಂಡೆ, ನೀವು ನನ್ನ ಮುಟ್ಟಿಸಿಕೊಳ್ಳಾಕ ಹೇಸತೀರಿ ಅಂತ" ಎಂದು ಅವ್ವನೂ ಅತ್ತಳು. ಅಪ್ಪ ಆ ದಿನ ಯಾರ ಮಾತೂ ಖರೇ ಎನ್ನಲಿಲ್ಲ. ಹೋಗಿ ಅಂಗಡಿಯ ಬಾಗಿಲು ಹಾಕಿ ಬೀಗ ಜಡಿದು ಬಂದ.

ಹುಮನಾಬಾದಿನ ದೊಡ್ಡ ಡಾಕ್ಟರು ವಿಭೂತಿಯ ಬಿಲ್ಲೆಯನ್ನು ನೆನೆಸಿ ಎತ್ತಿದರು, ಸುತ್ತಲ ದಪ್ಪ ಚರ್ಮ ಕೊಯ್ದು ತೆಗೆದರು. ಹೊರಗೆ ರೂಪಾಯಿಯಷ್ಟಿದ್ದ ಹುಣ್ಣು ಒಳಗೆ ಲಿಂಬೆಹಣ್ಣಿನಷ್ಟು ಹರಡಿತ್ತು. ಕೀವಿನ ಜೊತೆ ಜಾಲಿಮುಳ್ಳಿನ ತುದಿಯೊಂದು ಬಂತು. ಶರಣರು ನಡೆದ ನೆಲ ಎಂದು ಆಯಿ ಕಲ್ಯಾಣದಲ್ಲಿ ಚಪ್ಪಲಿ ಮೆಟ್ಟುತ್ತಿರಲಿಲ್ಲ, ಮದುವೆಯಾಗಿ ಬಂದಂದಿನಿಂದ ಬರಿಗಾಲು. ಮುಳ್ಳು ಎಂದು ಹೊಕ್ಕಿತ್ತೋ ಅವಳಿಗೇ ಗೊತ್ತಿರಲಿಲ್ಲ. ಡಾಕ್ಟರು ತೆಳ್ಳನೆಯ ಕಡ್ಡಿ ಇಳಿಸಿ ಎಲುಬಿಗೆ ತಾಗುತ್ತದೆಯೇ ಎಂದು ನೋಡಿದರು, ಎಕ್ಸ್‌ರೇ ಫೋಟೊ ತೆಗೆಸಿದರು. ಆಯಿ ಕಣ್ಣು ಮುಚ್ಚಿ ಕೊರಳ ಲಿಂಗ ಹಿಡಿದುಕೊಂಡಿದ್ದಳು.

"ಎಲುಬಿಗೆ ಇನ್ನೂ ಹತ್ತಿಲ್ರಿ ಅಮ್ಮಾ. ಹತ್ತಿದ್ರ ಕಾಲು ಉಳಸೂದು ನನ್ನ ಕೈಯಾಗಿಲ್ಲ. ಸಕ್ಕರಿ ಭಾಳ ಅದ, ಇಂಜೆಕ್ಷನ್ ತಗೋಬೇಕು. ದಿನಾ ಪಟ್ಟಿ ಆಗಬೇಕು. ಎಡಗಾಲು ನೆಲಕ್ಕ ಊರಬಾರದು. ಯುಗಾದಿ ತನಕ ನೋಡೋಣು."

ಕೆಲವು ದಿನ ಅಲ್ಲೇ ವಾರ್ಡಿನಲ್ಲಿಟ್ಟುಕೊಂಡು ಕಳಿಸಿದರು. ಮನೆಗೆ ಬಂದ ಮೇಲೆ ಪಡಸಾಲೆಯೇ ದವಾಖಾನೆಯಾಯಿತು. ಬೆಳಕು ಚೆನ್ನಾಗಿ ಬೀಳುವ ಕಡೆ ಆಯಿಯ ಮಂಚ. ಬೆಳಿಗ್ಗೆ ಅವ್ವ ಉಪ್ಪು ಹಾಕಿ ಕುದಿಸಿ ಆರಿಸಿದ ನೀರು, ಕುಕ್ಕರಿನ ಹಬೆಯಲ್ಲಿ ಬೇಯಿಸಿದ ಅರಿವೆಯ ಡಬ್ಬಿ, ಚಿಮಟ ಎಲ್ಲ ಹರಡಿಕೊಂಡು ಕೂರುವಳು. ಹಿಂದಿನ ದಿನದ ಪಟ್ಟಿಯನ್ನು ಎಂದೂ ಕಿತ್ತೆಳೆಯುತ್ತಿರಲಿಲ್ಲ, ನೀರು ಹನಿಸಿ ತಾನಾಗಿ ಬಿಡುವವರೆಗೆ ಕಾಯುವಳು. ಬಿಚ್ಚಿದ ಅರಿವೆಯನ್ನು ಎಸೆಯುವ ಮೊದಲು ನೋಡುವಳು, ಮೂಸುವಳು. ಆಮೇಲೆಯೇ ಗಾಯದ ಕಡೆ ತಿರುಗುವುದು. ಟಾರ್ಚು ಹಿಡಿಯುವ ಕೆಲಸವನ್ನು ನಾನು ಹಟಮಾಡಿ ಗಿಟ್ಟಿಸಿಕೊಂಡಿದ್ದೆ. ಮೊದಮೊದಲು ಮುಖ ತಿರುಗಿಸಿಕೊಳ್ಳುತ್ತಿದ್ದೆ.

"ಮಾರಿ ಯಾಕ ಆ ಕಡಿ? ನೋಡು. ಕರ್ರಗದ್ದು ಸತ್ತದ್ದು. ಹಳದಿ ಅದಲ್ಲಾ, ಅದು ಕೊಳತದ್ದು. ಕೆಂಪು ಎಲ್ಲಿ ಅದ ಹುಡುಕು."

ನಾನು ಕೆಂಪನ್ನು ಹುಡುಕುತ್ತಿದ್ದೆ. ಮೊದಲು ಮೂಲೆಯಲ್ಲೊಂದು ಚುಕ್ಕೆ. ಆಮೇಲೆ ತಳದಲ್ಲೆಲ್ಲ ಸಣ್ಣ ಸಣ್ಣ ಕೆಂಪು ಕಾಳು, ದಾಳಿಂಬೆ ಬಿಡಿಸಿಟ್ಟಂತೆ. ಅಂದು ಆಯಿಗೆ "ದಾಳಿಂಬ್ರಿ ಬಂದದ ಆಯಿ!" ಎಂದು ನಾನು ಕುಣಿದರೆ ಅವಳು, "ನನ್ನ ಕಾಲಾಗ ಬೆಳದದ್ದು ನೀ ತಿನ್ನಬ್ಯಾಡ ಮತ್ತ" ಎಂದು ನಕ್ಕಳು. ವಾರಕ್ಕೊಮ್ಮೆ ಅವ್ವ ಅಂಗಡಿಯ ಹೊಸ ಪ್ಲಾಸ್ಟಿಕ್ ಚೀಲವನ್ನು ಸ್ಪಿರಿಟ್ಟಿನಿಂದ ಒರೆಸಿ ಗಾಯದ ಮೇಲಿಟ್ಟು, ಪೆನ್ನಿನಿಂದ ಅದರ ಅಂಚನ್ನು ಬರೆದುಕೊಳ್ಳುವಳು. ಹಿಂದಿನ ವಾರದ್ದರ ಮೇಲೆ ಇದನ್ನಿಟ್ಟು ಬೆಳಕಿಗೆ ಹಿಡಿದರೆ ಹೊಸ ಗೆರೆ ಹಳೆಯ ಗೆರೆಯ ಒಳಗೆ ಕೂರುತ್ತಿತ್ತು. ಅಪ್ಪ ಬಂದ ಗಿರಾಕಿಗಳನ್ನೆಲ್ಲ ನಿಲ್ಲಿಸಿ ಅದನ್ನು ತೋರಿಸುತ್ತಿದ್ದ. ಬೇಳೆ ಕೊಳ್ಳಲು ಬಂದವರು ಪಾಪ ನೋಡಿ ತಲೆಯಾಡಿಸಿ ಹೋಗುತ್ತಿದ್ದರು.

ಎಲ್ಲವೂ ಹೂವಿನ ಹಾದಿಯಾಗಿರಲಿಲ್ಲ. ಬೆಲ್ಲದ ಚಹಾ ನಿಂತದ್ದಕ್ಕೆ ಆಯಿ ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ. ಮಂಚದ ಮೇಲಿಂದಲೇ ಅಡುಗೆಮನೆಗೆ ಹುಕುಂ ಹೊರಡಿಸುತ್ತ, ಅವ್ವನ ಒಗ್ಗರಣೆ ಸೀದದ್ದನ್ನು ಮೂಗಿನಿಂದಲೇ ಕಂಡುಹಿಡಿಯುತ್ತಿದ್ದಳು. ಅದೆಲ್ಲ ಸಣ್ಣ ಮಾತು. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಪಟ್ಟಿ ಬಿಚ್ಚಿದ ಅವ್ವ ಕೈಯಲ್ಲಿದ್ದ ಚಿಮಟವನ್ನು ಠಣ್ಣನೆ ತಾಟಿಗೆ ಎಸೆದಳು. ಗಾಯದ ತುಂಬ ಬಿಳಿ ವಿಭೂತಿ. ಮುಂಚಿನ ದಿನ ಅವಳು ಆಸ್ಪತ್ರೆಗೆ ಹೋದ ಮೇಲೆ ಆಯಿ ಪಟ್ಟಿ ಬಿಚ್ಚಿ ತುಂಬಿಕೊಂಡಿದ್ದಳು. ಕೆಂಪು ಕಾಳುಗಳ ಮೇಲೆ ಮತ್ತೆ ಹಳದಿ ಪೊರೆ, ಪಾದ ಮತ್ತೆ ಬೆಚ್ಚಗೆ.

"ಏನ್ ಮಾಡೀರಿ ಇದು? ಇಷ್ಟ ದಿನದ ದುಡಿಮಿ ಮಣ್ಣು ಮಾಡಿದ್ರೆಲ್ಲಾ! ಕಾಲು ಬ್ಯಾಡಾಗ್ಯಾದೇನು ನಿಮಗ?"

ಅವ್ವ ಅಷ್ಟು ದೊಡ್ಡ ದನಿಯಲ್ಲಿ ಆಯಿಯೊಂದಿಗೆ ಮಾತಾಡಿದ್ದು ಅದೇ ಮೊದಲು, ಅದೇ ಕೊನೆ. ಆಯಿಯೂ ಬಿಡಲಿಲ್ಲ.

"ದಿನಾ ಹಸಿ ಹಸಿ ಇಡ್ತಿ ನೀನು! ಹಸಿ ಇದ್ರ ಹುಣ್ಣು ಮಾಯ್ತದೇನು? ಒಣಗಬೇಕು ಅದು. ಅಂಜಿಕಿ ಬಂತು ನನಗ, ಹಚ್ಕೊಂಡೆ."

ಅವ್ವ ಉಪ್ಪುನೀರಿನ ಪಾತ್ರೆ ಹತ್ತಿರ ಎಳೆದುಕೊಂಡು, ವಿಭೂತಿಯನ್ನು ತೊಳೆಯುತ್ತ, ಹೊಲದವರಿಗೆ ಹೇಳುವ ಹಾಗೆ ಹೇಳಿದಳು.

"ಅತ್ತಿ, ಒಣ ಹೊಲದಾಗ ಜ್ವಾಳ ಮೊಳಿತದೇನ್ರಿ? ತ್ಯಾವ ಬೇಕಲ್ರಿ? ಹೊಸ ತೊಗಲೂ ಹಂಗೇ. ನೀರು ನಿಲ್ಲಬಾರದು, ತ್ಯಾವ ಆರಬಾರದು. ಮ್ಯಾಲ ಒಣಗಿಸಿದ್ರ ಒಳಗ ಕೊಳೀತದ. ಮೊದಲು ಅದೇ ಆಗಿತ್ತು."

ಹೊಸ ಪಟ್ಟಿ ಕಟ್ಟಿ ಮುಗಿಸಿದ ಅವ್ವ ಗೂಡಿನಲ್ಲಿದ್ದ ವಿಭೂತಿಯ ಉಂಡೆಯನ್ನು ತಾನೇ ತಂದು ಆಯಿಯ ಕೈಗಿತ್ತಳು.

"ಹಚ್ರಿ. ಪಟ್ಟಿ ಮ್ಯಾಲ ಎಷ್ಟರ ಹಚ್ರಿ. ಒಳಗ ನನಗ ಬಿಡ್ರಿ, ಹೊರಗ ನಿಮ್ಮ ದೇವರಿಗೆ."

ಅಂದಿನಿಂದ ಆಯಿ ದಿನವೂ ಪೂಜೆಯಾದ ಮೇಲೆ ಪಟ್ಟಿಯ ಮೇಲೆ ಹಣೆಗೆ ಎಳೆಯುವ ಹಾಗೆಯೇ ಮೂರು ಗೆರೆ ಎಳೆಯತೊಡಗಿದಳು. ತಪಾಸಣೆಗೆ ಹೋದಾಗ ಡಾಕ್ಟರು ಅದನ್ನು ನೋಡಿ ಅವ್ವನ ಮುಖ ನೋಡಿದರು. ಅವ್ವ ನೆಲ ನೋಡಿದಳು. ಅವರು ನಕ್ಕು ಸುಮ್ಮನಾದರು. ಅಂದೇ ಅವರು ಇನ್ನೊಂದು ಮಾತು ಹೇಳಿದ್ದು. ಗಾಯ ಮುಚ್ಚಿದರೂ ಹೊಸ ಚರ್ಮ ತೆಳುವಾಗಿರುತ್ತದೆ, ಕಾಲಿಗೆ ಅರಿವು ತಿರುಗಿ ಬರುವುದಿಲ್ಲ. ಇನ್ನು ಮುಂದೆ ಬರಿಗಾಲಲ್ಲಿ ಒಂದು ಹೆಜ್ಜೆಯೂ ಇಡಬಾರದು, ಮನೆಯೊಳಗೂ. ಇಟ್ಟರೆ ಮತ್ತೆ ಒಡೆಯುತ್ತದೆ, ಮುಂದಿನ ಸಲ ಇಷ್ಟು ಪುಣ್ಯ ಇರಲಿಕ್ಕಿಲ್ಲ.

ಬರುವಾಗ ಅವ್ವ ಹುಮನಾಬಾದಿನ ಬಸ್‌ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಹೊಲೆಯುವವರ ಬಳಿ ಆಯಿಯ ಪಾದದ ಅಳತೆ ಕೊಟ್ಟು ಮೆತ್ತನೆಯ ರಬ್ಬರಿನ ಚಪ್ಪಲಿ ಮಾಡಿಸಿದಳು. ಆಯಿ ಅವನ್ನು ಮುಟ್ಟಲಿಲ್ಲ.

"ಅದೊಂದು ಬಿಟ್ಟು ಬ್ಯಾರೆ ಏನರ ಹೇಳು ಕಸ್ತೂರಿ. ಸೂಜಿ ಚುಚ್ಚು, ಉಪಾಸ ಹಾಕು. ಕಲ್ಯಾಣದ ಮಣ್ಣಿನ ಮ್ಯಾಲ, ಅದೂ ಮನಿ ಒಳಗ, ಅಡಗಿ ಮನ್ಯಾಗ ಚಪ್ಪಲಿ ಹಾಕ್ಕೊಂಡು ಹೆಂಗ ಓಡ್ಯಾಡಲಿ? ನನ್ನಿಂದ ಆಗೂದಿಲ್ಲ."

ಅವ್ವ ಒತ್ತಾಯಿಸಲಿಲ್ಲ. ಚಪ್ಪಲಿ ಕಾಗದದಲ್ಲಿ ಸುತ್ತಿಕೊಂಡು ಮಂಚದ ಕೆಳಗೆ ಉಳಿಯಿತು. ಗಾಯ ಮಾತ್ರ ದಿನದಿನಕ್ಕೆ ಕಿರಿದಾಗುತ್ತ ಬಂತು. ಅಂಚಿನಿಂದ ತೆಳು ಗುಲಾಬಿ ಬಣ್ಣದ ಚರ್ಮ ಒಳಗೆ ಸರಿಯುತ್ತಿತ್ತು. ಯುಗಾದಿಯ ಬೇವು ಬೆಲ್ಲದಲ್ಲಿ ಆಯಿಗೆ ಬೇವು ಜಾಸ್ತಿ, ಬೆಲ್ಲ ನಾಲಗೆ ತುದಿಗಷ್ಟೇ. ಅದಾದ ವಾರ ಅವ್ವ ಪಟ್ಟಿ ಬಿಚ್ಚಿ, ನೋಡಿ, ಒತ್ತಿ, ಹೊಸ ಅರಿವೆಯನ್ನು ಡಬ್ಬಿಯಿಂದ ತೆಗೆಯಲೇ ಇಲ್ಲ. ಟಾರ್ಚು ಹಿಡಿದಿದ್ದ ನನ್ನನ್ನು ಎಳೆದು ಅಪ್ಪಿಕೊಂಡಳು. ನಾನೂ ಮುಂದೆ ಇದೇ ಕೆಲಸ ಮಾಡುವುದು ಎಂದು ಅವತ್ತು ಮನಸ್ಸಿನಲ್ಲೇ ನಿಶ್ಚಯ ಮಾಡಿಕೊಂಡೆ, ಯಾರಿಗೂ ಹೇಳಲಿಲ್ಲ. ಆದರೆ ಅವ್ವನ ಸಂತೋಷ ಪೂರ್ತಿ ಇರಲಿಲ್ಲ. ನಾಳೆಯಿಂದ ಆಯಿ ಮಂಚದಿಂದ ಇಳಿಯುವವಳು. ಬರಿಗಾಲಲ್ಲಿ ಇಳಿದರೆ ಇಷ್ಟೂ ತಿಂಗಳದ್ದು ನೀರುಪಾಲು. ಆ ರಾತ್ರಿ ಅವಳಿಗೆ ಊಟ ಸೇರಲಿಲ್ಲ.

ಸೋಮವಾರ ಸಂಜೆ ಓಣಿಯ ಹೆಣ್ಣುಮಕ್ಕಳು ನಮ್ಮ ಪಡಸಾಲೆಯಲ್ಲಿ ಪ್ರಾರ್ಥನೆಗೆ ಸೇರುವ ರೂಢಿ. ಆಯಿಯ ಕಾಲು ವಾಸಿಯಾದ ಸುದ್ದಿ ಹರಡಿ ಅಂದು ಎಂದಿಗಿಂತ ಹೆಚ್ಚು ಜನ ಬಂದಿದ್ದರು. ಮಂಚವನ್ನು ಒಳಕೋಣೆಗೆ ಸರಿಸಿದ್ದೆವು. ಅವ್ವ ಅಡುಗೆಮನೆಯಲ್ಲಿ ಎಲ್ಲರಿಗೂ ಚಹಾ ಮಾಡುತ್ತಿದ್ದಳು. ಒಳಕೋಣೆಯಿಂದ ಪಟ್ ಪಟ್ ಎಂದು ಸಪ್ಪಳ ಬಂತು. ಆಯಿ ಗೋಡೆ ಹಿಡಿದು ನಿಧಾನಕ್ಕೆ ನಡೆದು ಬಂದಳು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗ, ಕಾಲಲ್ಲಿ ರಬ್ಬರಿನ ಚಪ್ಪಲಿ. ಪಕ್ಕದ ಮನೆಯ ನೀಲಮ್ಮನಿಗೆ ತಡೆಯಲಾಗಲಿಲ್ಲ.

"ಅಯ್ಯ, ಮರ್ತು ಬಂದ್ರೇನ್ರಿ? ಕಾಲಾಗ ಚಪ್ಪಲಿ ಅದಾವಲ್ರಿ! ಬೀದ್ಯಾಗೂ ಹಾಕದವರು, ಪ್ರಾರ್ಥನಿಗೆ ಹಾಕ್ಕೊಂಡು ಬಂದೀರಲ್ಲಾ?"

ಆಯಿ ಮೆಲ್ಲಗೆ ನಡುವೆ ಬಂದು ಕೂತಳು. ಎರಡೂ ಕಾಲನ್ನು ಚಪ್ಪಲಿ ಸಮೇತ ಎಲ್ಲರಿಗೂ ಕಾಣುವ ಹಾಗೆ ಚಾಚಿದಳು.

"ಮರ್ತಿಲ್ಲ ನೀಲವ್ವಾ. ದೇವರು ನನ್ನ ಕೊರಳಾಗ ಅದಾನ, ನೆಲದಾಗಲ್ಲ. ಅವಗೇನೂ ಮೈಲಿಗಿ ಆಗೂದಿಲ್ಲ. ಈ ಕಾಲು ಇನ್ನ ನಂದಲ್ಲವ್ವಾ. ನನ್ನ ಸೊಸಿ ದಿನಾ ಕೂತು ತನ್ನ ಕೈಲೇ ಮಾಡಿದ ಕಾಲದು. ಅದನ್ನ ಬರೇ ನೆಲಕ್ಕ ಇಡಾಕ ನನಗ ಹಕ್ಕಿಲ್ಲ."

ಅವ್ವನಿಗೆ ಕೇಳಿಸಿತೋ ಇಲ್ಲವೋ ಎಂದು ನಾನು ಅಡುಗೆಮನೆಗೆ ಓಡಿದೆ. ಅವಳು ಬಾಗಿಲಿಗೆ ಬೆನ್ನು ಮಾಡಿ ಚಹಾ ಸೋಸುತ್ತ ನಿಂತಿದ್ದಳು. ಲೋಟ ಯಾವಾಗಲೋ ತುಂಬಿತ್ತು. ಚಹಾ ಕಟ್ಟೆಯ ಮೇಲೆಲ್ಲ ಹರಿದು ಅವಳ ಕಾಲಿನ ಮೇಲೆ ಸುರಿಯುತ್ತಿತ್ತು. ಅವಳು ಇನ್ನೂ ಹೊಯ್ಯುತ್ತಲೇ ಇದ್ದಳು.